ರಾತ್ರಿ ಆಕಾಶದಲ್ಲಿ ಉಪಗ್ರಹಗಳ ದಟ್ಟಣೆ, ಕಕ್ಷೆಯಲ್ಲಿ ಕಸ: ಪದೇ ಪದೇ ಕೇಳುವ ಪ್ರಶ್ನೆಗಳು

ನಕ್ಷತ್ರ ವೀಕ್ಷಣೆಗೆಂದು ಊರಾಚೆ ನಾಲ್ಕು ಜನ ಸೇರಿದರೆ ಸಾಕು, ಕತ್ತಲಾಗುವ ಮೊದಲೇ ಯಾರಾದರೊಬ್ಬರು ಮೇಲೆ ಬೊಟ್ಟು ಮಾಡಿ "ಅದೇನದು ಹೋಗ್ತಾ ಇರೋದು?" ಎಂದು ಕೇಳಿಯೇ ಕೇಳುತ್ತಾರೆ. ಹಿಂದೆಲ್ಲ ಒಂದು ಉಪಗ್ರಹ ಕಂಡರೆ ಮಕ್ಕಳು ಕೂಗಿ ಕುಣಿಯುತ್ತಿದ್ದರು. ಈಗ ಸಪ್ತರ್ಷಿ ಮಂಡಲ ತೋರಿಸಿ ಮುಗಿಸುವಷ್ಟರಲ್ಲಿ ಮೂರು ನಾಲ್ಕು ಹಾದುಹೋಗಿರುತ್ತವೆ. ಅಂಥ ಸಂಜೆಗಳಲ್ಲಿ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಒಂದರ ಹಿಂದೆ ಒಂದು ಸಾಲಾಗಿ ಹೋಗುವ ದೀಪಗಳನ್ನು ನೋಡಿದೆ. ಏನವು?

ಬಹುಮಟ್ಟಿಗೆ ಸ್ಟಾರ್‌ಲಿಂಕ್ ಉಪಗ್ರಹಗಳು. ಅಮೆರಿಕದ ಸ್ಪೇಸ್‌ಎಕ್ಸ್ ಕಂಪನಿ ಬಾಹ್ಯಾಕಾಶದಿಂದ ಇಂಟರ್ನೆಟ್ ಕೊಡಲು ಇವನ್ನು ಹಾರಿಸುತ್ತಿದೆ. 2019ರ ಮೇ ತಿಂಗಳಲ್ಲಿ ಮೊದಲ ಕಂತಾಗಿ 60 ಉಪಗ್ರಹಗಳು ಒಂದೇ ರಾಕೆಟ್‌ನಲ್ಲಿ ಹೋದವು. ರಾಕೆಟ್ ಇವನ್ನು ತಗ್ಗಿನ ಕಕ್ಷೆಯಲ್ಲಿ ಒಟ್ಟಿಗೆ ಬಿಟ್ಟುಬಿಡುತ್ತದೆ. ಆಮೇಲೆ ಒಂದೊಂದೂ ತನ್ನದೇ ಎಂಜಿನ್ ಬಳಸಿ ವಾರಗಟ್ಟಲೆ ಮೇಲೇರಿ ಸುಮಾರು 550 ಕಿ.ಮೀ. ಎತ್ತರ ಸೇರುತ್ತದೆ. ಹಾರಿಸಿದ ಮೊದಲ ಕೆಲವು ದಿನ ಅವು ಒತ್ತೊತ್ತಾಗಿ, ಭೂಮಿಗೆ ಹತ್ತಿರದಲ್ಲೂ ಇರುವುದರಿಂದ ನಿಮಗೆ ಸಾಲು ಕಾಣುತ್ತದೆ. ವಾಟ್ಸಾಪಿನಲ್ಲಿ 'ನಿಗೂಢ ಬೆಳಕು' ಎಂದು ಓಡಾಡುವ ವಿಡಿಯೋಗಳಲ್ಲಿ ಬಹಳಷ್ಟು ಇವೇ.

ಇದು ವಿಮಾನವೋ ಉಪಗ್ರಹವೋ ಎಂದು ಗುರುತಿಸುವುದು ಹೇಗೆ?

ವಿಮಾನದ ದೀಪ ಮಿನುಗುತ್ತದೆ, ಕೆಂಪು ಹಸಿರು ಬಣ್ಣ ಇರುತ್ತದೆ. ಉಲ್ಕೆ ಒಂದೆರಡು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಉಪಗ್ರಹ ಸದ್ದಿಲ್ಲದೆ ಒಂದೇ ವೇಗದಲ್ಲಿ ಸಾಗಿ, ಎಷ್ಟೋ ಸಲ ನಡು ಆಕಾಶದಲ್ಲೇ ಮಂಕಾಗಿ ಮಾಯವಾಗುತ್ತದೆ. ಅದು ಭೂಮಿಯ ನೆರಳಿನೊಳಗೆ ಹೊಕ್ಕ ಗಳಿಗೆ ಅದು. ಬೆಳಕು ಬೆಳಗಿ ಆರಿ ಮತ್ತೆ ಬೆಳಗುತ್ತಿದ್ದರೆ ಅದು ಹತೋಟಿ ತಪ್ಪಿ ಉರುಳುತ್ತಿರುವ ಹಳೆಯ ರಾಕೆಟ್ಟಿನ ಮೇಲ್ಹಂತ ಇರಬಹುದು. ಅಂದರೆ ನೀವು ಬರಿಗಣ್ಣಿನಲ್ಲೇ ಬಾಹ್ಯಾಕಾಶದ ಕಸ ನೋಡುತ್ತಿದ್ದೀರಿ. ಯಾವುದು ಯಾವಾಗ ಹಾದುಹೋಗುತ್ತದೆ ಎಂದು ತಿಳಿಯಲು ಹೆವೆನ್ಸ್ ಅಬವ್ ಎಂಬ ತಾಣ ನೋಡಿ. ನಿಮ್ಮ ಊರನ್ನು ಆರಿಸಿದರೆ ನಿಮಿಷದ ಲೆಕ್ಕದಲ್ಲಿ ಹೇಳುತ್ತದೆ.

ನಡುರಾತ್ರಿ ಎದ್ದು ನೋಡಿದರೆ ಅಷ್ಟಾಗಿ ಕಾಣುವುದಿಲ್ಲವಲ್ಲ?

ಉಪಗ್ರಹಕ್ಕೆ ಸ್ವಂತ ಬೆಳಕಿಲ್ಲ. ನೆಲದ ಮೇಲೆ ನಮಗೆ ಸೂರ್ಯ ಮುಳುಗಿದ ಮೇಲೂ ನೂರಾರು ಕಿ.ಮೀ. ಎತ್ತರದಲ್ಲಿ ಬಿಸಿಲು ಇರುತ್ತದೆ. ಆ ಬಿಸಿಲು ಉಪಗ್ರಹಕ್ಕೆ ಬಿದ್ದು ನಮ್ಮ ಕಣ್ಣಿಗೆ ಬರುತ್ತದೆ. 550 ಕಿ.ಮೀ. ಎತ್ತರದ ಉಪಗ್ರಹ ನೆತ್ತಿಯ ಮೇಲಿದ್ದರೆ, ಕರ್ನಾಟಕದಲ್ಲಿ ಸೂರ್ಯಾಸ್ತವಾಗಿ ಸುಮಾರು ಒಂದೂವರೆ ಗಂಟೆಯವರೆಗೆ ಅದಕ್ಕೆ ಬಿಸಿಲು ಸಿಗುತ್ತದೆ. ಇಂಟರ್ನೆಟ್ ಕೊಡುವ ಇನ್ನೊಂದು ಜಾಲವಾದ ಒನ್‌ವೆಬ್‌ನ ಉಪಗ್ರಹಗಳು 1,200 ಕಿ.ಮೀ. ಎತ್ತರದಲ್ಲಿರುವುದರಿಂದ ಅವಕ್ಕೆ ಎರಡು ಗಂಟೆಗೂ ಹೆಚ್ಚು ಹೊತ್ತು ಬಿಸಿಲಿರುತ್ತದೆ. ಬೆಳಗಿನ ಜಾವದಲ್ಲೂ ಹೀಗೆಯೇ.

ಈ ವಿಷಯದಲ್ಲಿ ನಾವು ಅದೃಷ್ಟವಂತರು. ಉತ್ತರ ಯುರೋಪಿನಲ್ಲಿ ಬೇಸಿಗೆಯಲ್ಲಿ ಸೂರ್ಯ ದಿಗಂತದಿಂದ ಅಷ್ಟು ಕೆಳಗಿಳಿಯುವುದೇ ಇಲ್ಲ. ಅಲ್ಲಿ ಇಡೀ ರಾತ್ರಿ ಉಪಗ್ರಹಗಳು ಹೊಳೆಯುತ್ತಲೇ ಇರುತ್ತವೆ.

ಇಷ್ಟೊಂದು ಉಪಗ್ರಹಗಳು ಇದ್ದಕ್ಕಿದ್ದಂತೆ ಎಲ್ಲಿಂದ ಬಂದವು?

ಸ್ಪುಟ್ನಿಕ್ ಹಾರಿದ್ದು 1957ರ ಅಕ್ಟೋಬರ್ 4ರಂದು. ಅಲ್ಲಿಂದ 2019ರ ತನಕ, ಅರವತ್ತು ವರ್ಷಕ್ಕೂ ಮಿಕ್ಕಿದ ಅವಧಿಯ ನಂತರ, ಕೆಲಸ ಮಾಡುತ್ತಿದ್ದ ಉಪಗ್ರಹಗಳು ಸುಮಾರು 2,000 ಮಾತ್ರ. 2025ರ ಹೊತ್ತಿಗೆ ಆ ಸಂಖ್ಯೆ 12,000 ದಾಟಿತು. ಅದರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಒಂದೇ ಕಂಪನಿಯ ಸ್ಟಾರ್‌ಲಿಂಕ್.

ಇದಕ್ಕೆ ಕಾರಣ ಎರಡು. ರಾಕೆಟ್ಟಿನ ಮೊದಲ ಹಂತವನ್ನು ಮರಳಿ ಇಳಿಸಿ ಮತ್ತೆ ಬಳಸಲು ಶುರುಮಾಡಿದ ಮೇಲೆ ಉಡಾವಣೆ ಅಗ್ಗವಾಯಿತು. ಇನ್ನೊಂದು, ಇಂಟರ್ನೆಟ್ಟಿಗೆ ತಗ್ಗಿನ ಕಕ್ಷೆ ಬೇಕು. 36,000 ಕಿ.ಮೀ. ಎತ್ತರದ ಭೂಸ್ಥಿರ ಉಪಗ್ರಹಕ್ಕೆ ಸಂಕೇತ ಹೋಗಿ ಬರಲು ಹೊತ್ತು ಹಿಡಿಯುತ್ತದೆ, ವಿಡಿಯೋ ಕರೆಯಲ್ಲಿ ಮಾತು ತಡವಾಗುತ್ತದೆ. ಕೆಳಗಿದ್ದರೆ ಆ ತೊಂದರೆಯಿಲ್ಲ. ಆದರೆ ಕೆಳಗಿರುವ ಒಂದು ಉಪಗ್ರಹಕ್ಕೆ ಕಾಣುವ ನೆಲ ಚಿಕ್ಕದು, ಅದೂ ಕೆಲವೇ ನಿಮಿಷ. ಇಡೀ ಭೂಮಿಗೆ ಎಡೆಬಿಡದೆ ಸೇವೆ ಕೊಡಬೇಕಾದರೆ ನೂರಾರು, ಸಾವಿರಾರು ಬೇಕಾಗುತ್ತವೆ. ಅಮೆಜಾನ್ 3,236 ಉಪಗ್ರಹಗಳ ಯೋಜನೆ ಹಾಕಿ 2025ರ ಏಪ್ರಿಲ್‌ನಿಂದ ಹಾರಿಸುತ್ತಿದೆ. ಚೀನಾದ್ದು ಗುವೋವಾಂಗ್, ಚಿಯಾನ್‌ಫಾನ್ ಎಂಬ ಎರಡು ಯೋಜನೆಗಳಿವೆ, ಎರಡೂ ಹತ್ತು ಸಾವಿರ ಮೀರುವ ಲೆಕ್ಕದವು.

ಬಾಹ್ಯಾಕಾಶ ಅಷ್ಟು ವಿಶಾಲ. ಹತ್ತಿಪ್ಪತ್ತು ಸಾವಿರ ಉಪಗ್ರಹಗಳಿಂದ ಏನಾದೀತು?

ಅವು ನಿಂತಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಈ ಎತ್ತರದಲ್ಲಿ ಉಪಗ್ರಹದ ವೇಗ ಸೆಕೆಂಡಿಗೆ ಸುಮಾರು 7.6 ಕಿ.ಮೀ., ಅಂದರೆ ಗಂಟೆಗೆ 27,000 ಕಿ.ಮೀ. ಒಂದೊಂದೂ ಸುಮಾರು ತೊಂಬತ್ತೈದು ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತಿ ಬರುತ್ತದೆ. ಹಾದಿಗಳು ಒಂದನ್ನೊಂದು ಕತ್ತರಿಸುತ್ತವೆ: ಒಂದು ಧ್ರುವದಿಂದ ಧ್ರುವಕ್ಕೆ, ಇನ್ನೊಂದು ಓರೆಯಾಗಿ. ಎಲ್ಲರಿಗೂ ಬೇಕಾದ ಎತ್ತರಗಳೂ ಕೆಲವೇ. ಭೂಮಿಯ ಚಿತ್ರ ತೆಗೆಯುವವರಿಗೆ 500ರಿಂದ 800 ಕಿ.ಮೀ. ಬೇಕು, ಇಂಟರ್ನೆಟ್ ಕಂಪನಿಗಳಿಗೂ ಅದರ ಆಸುಪಾಸೇ ಬೇಕು.

ಸ್ಪೇಸ್‌ಎಕ್ಸ್ ತಾನೇ ಅಮೆರಿಕ ಸರಕಾರಕ್ಕೆ ಕೊಟ್ಟ ಲೆಕ್ಕದ ಪ್ರಕಾರ, 2024ರ ಡಿಸೆಂಬರ್‌ನಿಂದ 2025ರ ಮೇ ವರೆಗಿನ ಆರು ತಿಂಗಳಲ್ಲಿ ಸ್ಟಾರ್‌ಲಿಂಕ್ ಉಪಗ್ರಹಗಳು ಡಿಕ್ಕಿ ತಪ್ಪಿಸಲು 1 ಲಕ್ಷ 40 ಸಾವಿರಕ್ಕೂ ಹೆಚ್ಚು ಸಲ ಪಕ್ಕಕ್ಕೆ ಸರಿದಿವೆ. ತಂತ್ರಜ್ಞಾನ ಕೆಲಸ ಮಾಡುತ್ತಿದೆ ಎಂಬುದಕ್ಕೆ ಇದು ಪುರಾವೆ ನಿಜ. ಅದು ಕೈಕೊಟ್ಟರೆ ಏನಾಗಬಹುದು ಎಂಬ ಅಂದಾಜೂ ಇದೇ ಸಂಖ್ಯೆಯಲ್ಲಿದೆ.

ಬಾಹ್ಯಾಕಾಶದ ಕಸ ಎಂದರೆ ಏನೇನು? ಎಷ್ಟಿದೆ?

ಕೆಟ್ಟು ನಿಂತ ಉಪಗ್ರಹಗಳು, ಉಪಗ್ರಹ ಬಿಟ್ಟ ಮೇಲೆ ಅಲ್ಲೇ ಉಳಿದ ರಾಕೆಟ್ ಹಂತಗಳು, ಅವು ಸಿಡಿದಾಗ ಚದುರಿದ ಚೂರುಗಳು, ಕಳಚಿಬಿದ್ದ ಮುಚ್ಚಳ, ಬೋಲ್ಟು, ಎದ್ದುಬಂದ ಬಣ್ಣದ ಚಕ್ಕೆ. ನೆಲದ ರೇಡಾರ್‌ಗಳು ಸುಮಾರು 40,000 ವಸ್ತುಗಳ ಮೇಲೆ ಕಣ್ಣಿಟ್ಟಿವೆ. ಅದರಲ್ಲಿ ಕೆಲಸ ಮಾಡುವ ಉಪಗ್ರಹಗಳೂ ಸೇರಿವೆ. ಚಿಕ್ಕವು ರೇಡಾರ್‌ಗೆ ಸಿಗುವುದಿಲ್ಲ. ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ ಅಂದಾಜಿನಂತೆ ಒಂದು ಸೆಂಟಿಮೀಟರಿಗಿಂತ ದೊಡ್ಡ ಚೂರುಗಳೇ 12 ಲಕ್ಷಕ್ಕೂ ಹೆಚ್ಚು. ಹತ್ತು ಸೆಂಟಿಮೀಟರಿಗಿಂತ ದೊಡ್ಡದಾದರೆ ಎಲ್ಲಿದೆ ಎಂದು ಗೊತ್ತಿರುತ್ತದೆ, ತಪ್ಪಿಸಿಕೊಳ್ಳಬಹುದು. ಒಂದು ಸೆಂಟಿಮೀಟರಿಗಿಂತ ಚಿಕ್ಕದನ್ನು ಬಾಹ್ಯಾಕಾಶ ನಿಲ್ದಾಣದ ಕವಚ ತಡೆದುಕೊಳ್ಳುತ್ತದೆ. ಇವೆರಡರ ನಡುವಿನವು ಕಣ್ಣಿಗೂ ಬೀಳುವುದಿಲ್ಲ, ಕವಚಕ್ಕೂ ಬಗ್ಗುವುದಿಲ್ಲ. ಎಂಜಿನಿಯರುಗಳು ಹೆದರುವುದು ಇವಕ್ಕೇ.

ಒಂದು ಸೆಂಟಿಮೀಟರ್ ಚೂರು ಅಷ್ಟೊಂದು ಹಾನಿ ಮಾಡುತ್ತದೆಯೇ?

ಲೆಕ್ಕ ಹಾಕಿ ನೋಡೋಣ. ಒಂದು ಸೆಂ.ಮೀ. ಅಡ್ಡಳತೆಯ ಅಲ್ಯೂಮಿನಿಯಂ ಗುಂಡಿನ ತೂಕ ಒಂದೂವರೆ ಗ್ರಾಂ ಕೂಡ ಇಲ್ಲ. ಎರಡು ವಸ್ತುಗಳು ಎದುರುಬದುರಾಗಿ ಸೆಕೆಂಡಿಗೆ 10 ಕಿ.ಮೀ. ವೇಗದಲ್ಲಿ ಸಂಧಿಸಿದರೆ ಆ ಗುಂಡಿನ ಶಕ್ತಿ ಸುಮಾರು 70,000 ಜೂಲ್. ಒಂದು ಟನ್ ತೂಕದ ಕಾರು ಗಂಟೆಗೆ ಸುಮಾರು 40 ಕಿ.ಮೀ. ವೇಗದಲ್ಲಿ ಬಂದು ಗುದ್ದುವಷ್ಟು ಶಕ್ತಿ ಅದು. ಒಂದು ಉಪಗ್ರಹವನ್ನು ಮುಗಿಸಿಬಿಡಲು ಅಷ್ಟು ಸಾಕು.

ಇನ್ನೂ ಚಿಕ್ಕದು ಏನು ಮಾಡುತ್ತದೆ ಎಂಬುದಕ್ಕೂ ಉದಾಹರಣೆಗಳಿವೆ. 1983ರಲ್ಲಿ ಬಣ್ಣದ ಒಂದು ಪುಟ್ಟ ಚಕ್ಕೆ ಬಡಿದು ಚಾಲೆಂಜರ್ ನೌಕೆಯ ಕಿಟಕಿಯಲ್ಲಿ ಕುಳಿ ಬಿತ್ತು. 2016ರಲ್ಲಿ ಅಂತರರಾಷ್ಟ್ರೀಯ ನಿಲ್ದಾಣದ ಕಿಟಕಿಯ ಗಾಜಿನಲ್ಲಿ 7 ಮಿ.ಮೀ. ಗುರುತು ಮೂಡಿತು. 2025ರ ನವೆಂಬರ್‌ನಲ್ಲಿ ಚೀನಾದ ಶೆಂಝೌ-20 ನೌಕೆಯ ಕಿಟಕಿಯಲ್ಲಿ ಸಣ್ಣ ಬಿರುಕುಗಳು ಕಂಡವು. ಕಸ ತಾಗಿರಬೇಕೆಂದು ಆ ನೌಕೆಯಲ್ಲಿ ವಾಪಸಾಗಬೇಕಿದ್ದ ಮೂವರು ಗಗನಯಾತ್ರಿಗಳನ್ನು ತಡೆದು, ಕೊನೆಗೆ ಬೇರೆ ನೌಕೆಯಲ್ಲಿ ಭೂಮಿಗೆ ಕರೆತಂದರು.

ಎರಡು ಇಡೀ ಉಪಗ್ರಹಗಳು ಡಿಕ್ಕಿ ಹೊಡೆದದ್ದು ಉಂಟೇ?

ಉಂಟು. 2009ರ ಫೆಬ್ರವರಿ 10ರಂದು ಸೈಬೀರಿಯಾದ ಮೇಲೆ, 789 ಕಿ.ಮೀ. ಎತ್ತರದಲ್ಲಿ, ಅಮೆರಿಕದ ಇರಿಡಿಯಂ-33 ಎಂಬ ಫೋನ್ ಉಪಗ್ರಹಕ್ಕೂ ರಷ್ಯಾದ ಕಾಸ್ಮೋಸ್-2251ಕ್ಕೂ ಡಿಕ್ಕಿಯಾಯಿತು. ಇರಿಡಿಯಂ ಕೆಲಸ ಮಾಡುತ್ತಿತ್ತು. ಕಾಸ್ಮೋಸ್ 1995ರಲ್ಲೇ ಕೆಟ್ಟು, ಯಾರ ಮಾತೂ ಕೇಳದೆ ಸುತ್ತುತ್ತಿತ್ತು. ಎರಡೂ ಕ್ಷಣದಲ್ಲಿ ನುಚ್ಚುನೂರಾಗಿ, ಗುರುತಿಸಬಹುದಾದ ಚೂರುಗಳೇ 2,000ಕ್ಕೂ ಹೆಚ್ಚಾದವು. ಆ ಎತ್ತರದಲ್ಲಿ ಅವುಗಳಲ್ಲಿ ಅನೇಕ ಇಂದಿಗೂ ಸುತ್ತುತ್ತಿವೆ.

ದೇಶಗಳು ಬೇಕೆಂದೇ ಉಪಗ್ರಹ ಒಡೆದಿವೆಯಲ್ಲ? ಭಾರತವೂ ಒಡೆಯಿತಲ್ಲ?

ಹೌದು. ಅಮೆರಿಕ, ರಷ್ಯಾ, ಚೀನಾ, ಭಾರತ ನಾಲ್ಕೂ ತಮ್ಮದೇ ಉಪಗ್ರಹಗಳನ್ನು ಒಡೆದು ತೋರಿಸಿವೆ.

ಎಲ್ಲಕ್ಕಿಂತ ಕೆಟ್ಟದ್ದು ಚೀನಾ 2007ರ ಜನವರಿ 11ರಂದು ಮಾಡಿದ್ದು. ಫೆಂಗ್‌ಯುನ್-1ಸಿ ಎಂಬ ತನ್ನ ಹಳೆಯ ಹವಾಮಾನ ಉಪಗ್ರಹಕ್ಕೆ ಸುಮಾರು 865 ಕಿ.ಮೀ. ಎತ್ತರದಲ್ಲಿ ಕ್ಷಿಪಣಿ ಹೊಡೆಯಿತು. ದೊಡ್ಡ ಚೂರುಗಳೇ 3,000ಕ್ಕೂ ಹೆಚ್ಚು, ಬಹುಪಾಲು ಇನ್ನೂ ಮೇಲೆಯೇ ಇವೆ. ರಷ್ಯಾ 2021ರ ನವೆಂಬರ್ 15ರಂದು ಕಾಸ್ಮೋಸ್-1408 ಅನ್ನು ಒಡೆದಾಗ ನಿಲ್ದಾಣದಲ್ಲಿದ್ದ ಗಗನಯಾತ್ರಿಗಳು, ಅವರಲ್ಲಿ ರಷ್ಯದವರೂ ಇದ್ದರು, ಜೀವ ಉಳಿಸಿಕೊಳ್ಳಲು ತಮ್ಮ ನೌಕೆಗಳೊಳಗೆ ಸೇರಿಕೊಳ್ಳಬೇಕಾಯಿತು.

ಭಾರತದ ಮಿಷನ್ ಶಕ್ತಿ ನಡೆದದ್ದು 2019ರ ಮಾರ್ಚ್ 27ರಂದು. ಗುರಿ ಮೈಕ್ರೋಸ್ಯಾಟ್-ಆರ್, ಎತ್ತರ ಸುಮಾರು 300 ಕಿ.ಮೀ. ಅಷ್ಟು ತಗ್ಗನ್ನು ಆರಿಸಿದ್ದೇ ಕಸ ಬೇಗ ಬೀಳಲಿ ಎಂದು. ಆ ಮಟ್ಟಿಗೆ ಅದು ಚೀನಾ ಮಾಡಿದ್ದಕ್ಕಿಂತ ಜವಾಬ್ದಾರಿಯ ಕೆಲಸ. ಆದರೆ 45 ದಿನದಲ್ಲಿ ಎಲ್ಲ ಸ್ವಚ್ಛವಾಗುತ್ತದೆ ಎಂದು ಆಗ ಹೇಳಿದ ಮಾತು ನಡೆಯಲಿಲ್ಲ. ಹೊಡೆತದ ರಭಸಕ್ಕೆ ಕೆಲವು ಚೂರುಗಳು ನಿಲ್ದಾಣಕ್ಕಿಂತ ಎತ್ತರಕ್ಕೂ ಎಸೆಯಲ್ಪಟ್ಟವು, ಕೊನೆಯದು ಬೀಳಲು ಮೂರು ವರ್ಷ ಹಿಡಿಯಿತು. ಇಂಥ ಪರೀಕ್ಷೆ ಇನ್ನು ಮಾಡುವುದಿಲ್ಲವೆಂದು ಅಮೆರಿಕ 2022ರಲ್ಲಿ ಘೋಷಿಸಿತು, ಹಲವು ದೇಶಗಳು ದನಿಗೂಡಿಸಿದವು. ಸಾಮರ್ಥ್ಯ ತೋರಿಸಿ ಆಯಿತು. ಭಾರತವೂ ಆ ಮಾತು ಕೊಡಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಕಸ ತಾನಾಗಿಯೇ ಕೆಳಗೆ ಬೀಳುವುದಿಲ್ಲವೇ?

ಬೀಳುತ್ತದೆ, ಆದರೆ ಯಾವಾಗ ಎನ್ನುವುದು ಎತ್ತರದ ಮೇಲೆ ನಿಂತಿದೆ. ಈ ಇಡೀ ಪುಟದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ನೂರಾರು ಕಿ.ಮೀ. ಮೇಲೂ ಗಾಳಿ ಅತಿ ತೆಳುವಾಗಿ ಇದ್ದೇ ಇರುತ್ತದೆ. ಅದು ಉಪಗ್ರಹಕ್ಕೆ ಸವರಿ ಸವರಿ ವೇಗ ಕುಂದಿಸುತ್ತದೆ, ಉಪಗ್ರಹ ಸುತ್ತುತ್ತಲೇ ಇಳಿಯುತ್ತದೆ. 400 ಕಿ.ಮೀ.ನಲ್ಲಿ ಬಿಟ್ಟ ವಸ್ತು ಒಂದೆರಡು ವರ್ಷದಲ್ಲಿ ಬಿದ್ದುಹೋಗುತ್ತದೆ. 550ರಲ್ಲಿ ಐದಾರು ವರ್ಷ. 800ರಲ್ಲಿ ನೂರು ವರ್ಷಕ್ಕೂ ಹೆಚ್ಚು. 1,200ರಲ್ಲಿ ಸಾವಿರ ವರ್ಷ ದಾಟುತ್ತದೆ. 36,000 ಕಿ.ಮೀ.ನಲ್ಲಿರುವುದು ಬೀಳುವುದೇ ಇಲ್ಲ ಎನ್ನಬಹುದು. ಅಮೆರಿಕ 1958ರ ಮಾರ್ಚ್‌ನಲ್ಲಿ ಹಾರಿಸಿದ ವ್ಯಾನ್‌ಗಾರ್ಡ್-1, ಒಂದೂವರೆ ಕಿಲೋ ತೂಕದ ಗೋಳ, 1964ರಲ್ಲೇ ಮೌನವಾಯಿತು. ಇವತ್ತಿಗೂ ಸುತ್ತುತ್ತಿದೆ.

ಸೂರ್ಯನ ಪಾಲೂ ಇದರಲ್ಲಿದೆ. ಸೌರ ಚಟುವಟಿಕೆ ಹೆಚ್ಚಿದಾಗ ಮೇಲಿನ ವಾತಾವರಣ ಕಾಯ್ದು ಉಬ್ಬುತ್ತದೆ, ಎಳೆತ ಜಾಸ್ತಿಯಾಗುತ್ತದೆ. 2022ರ ಫೆಬ್ರವರಿಯಲ್ಲಿ ಹಾರಿಸಿದ 49 ಸ್ಟಾರ್‌ಲಿಂಕ್‌ಗಳಲ್ಲಿ ಸುಮಾರು 40, ಮೇಲೇರುವ ಮೊದಲೇ ಒಂದು ಭೂಕಾಂತೀಯ ಬಿರುಗಾಳಿಗೆ ಸಿಕ್ಕಿ ಬಿದ್ದವು.

ಇದರಿಂದ ಒಂದು ಇಕ್ಕಟ್ಟು ಹುಟ್ಟಿದೆ. ಕಸದ ದೃಷ್ಟಿಯಿಂದ ತಗ್ಗಿನ ಕಕ್ಷೆ ಒಳ್ಳೆಯದು, ಕೆಟ್ಟರೂ ಬೇಗ ಬಿದ್ದುಹೋಗುತ್ತದೆ. ನಕ್ಷತ್ರ ನೋಡುವವರಿಗೆ ತಗ್ಗಿನವು ಹೆಚ್ಚು ಹೊಳೆಯುತ್ತವೆ. ಎತ್ತರದವು ಮಂಕು, ಆದರೆ ರಾತ್ರಿ ಹೆಚ್ಚು ಹೊತ್ತು ಕಾಣುತ್ತವೆ, ಕೆಟ್ಟರೆ ಶತಮಾನಗಟ್ಟಲೆ ಉಳಿಯುತ್ತವೆ. ಸುಮಾರು 4,400 ಉಪಗ್ರಹಗಳನ್ನು 550ರಿಂದ 480 ಕಿ.ಮೀ.ಗೆ ಇಳಿಸುವುದಾಗಿ ಸ್ಪೇಸ್‌ಎಕ್ಸ್ 2026ರ ಜನವರಿಯಲ್ಲಿ ಹೇಳಿದೆ. ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ತಗ್ಗಿನದನ್ನೇ ಆರಿಸುತ್ತೇನೆ. ಹೊಳಪನ್ನು ಇಂದಲ್ಲ ನಾಳೆ ಕಡಿಮೆ ಮಾಡಬಹುದು, ಸಾವಿರ ವರ್ಷದ ಕಸವನ್ನು ಮೊಮ್ಮಕ್ಕಳ ತಲೆಗೆ ಕಟ್ಟಲಾಗದು.

ಕೆಸ್ಲರ್ ಸಿಂಡ್ರೋಮ್ ಎಂದರೇನು? ಶುರುವಾಗಿದೆಯೇ?

ನಾಸಾದ ಡೊನಾಲ್ಡ್ ಕೆಸ್ಲರ್ ಮತ್ತು ಬರ್ಟನ್ ಕೂರ್-ಪಾಲೆ 1978ರಲ್ಲೇ ಎಚ್ಚರಿಸಿದ್ದರು: ಕಕ್ಷೆಯಲ್ಲಿ ವಸ್ತುಗಳು ಒಂದು ಮಿತಿ ಮೀರಿದರೆ ಒಂದು ಡಿಕ್ಕಿಯ ಚೂರುಗಳು ಇನ್ನೊಂದು ಡಿಕ್ಕಿಗೆ ಕಾರಣವಾಗಿ, ಹೊಸದಾಗಿ ಏನನ್ನೂ ಹಾರಿಸದಿದ್ದರೂ ಕಸ ಹೆಚ್ಚುತ್ತಲೇ ಹೋಗುತ್ತದೆ. ಸಿನಿಮಾದಲ್ಲಿ ತೋರಿಸುವಂತೆ ಗಂಟೆಗಳಲ್ಲಿ ನಡೆಯುವಂಥದ್ದಲ್ಲ. ದಶಕಗಳಲ್ಲಿ, ಶತಮಾನಗಳಲ್ಲಿ ನಡೆಯುವಂಥದ್ದು. ಹೆಚ್ಚು ಅಪಾಯ ಇರುವುದು 800ರಿಂದ 1,000 ಕಿ.ಮೀ. ಪಟ್ಟಿಯಲ್ಲಿ. ಅಲ್ಲಿ ಸೋವಿಯತ್ ಕಾಲದ ಟನ್‌ಗಟ್ಟಲೆ ತೂಕದ ರಾಕೆಟ್ ಹಂತಗಳಿವೆ. ಅದಕ್ಕೆ ತುಸು ಕೆಳಗೆ, ಸುಮಾರು 770 ಕಿ.ಮೀ.ನಲ್ಲಿ, 2012ರಲ್ಲಿ ಸಂಪರ್ಕ ಕಡಿದುಕೊಂಡ ಯುರೋಪಿನ ಎಂಟು ಟನ್ನಿನ ಎನ್ವಿಸ್ಯಾಟ್ ಇದೆ. ಅಂಥ ಎರಡು ತಾಗಿದರೆ ಏನಾದೀತು ಎಂದು ಯೋಚಿಸಿದರೆ ಎದೆ ಝಲ್ಲೆನ್ನುತ್ತದೆ.

ಖಗೋಳವಿಜ್ಞಾನಿಗಳಿಗೆ ಇದರಿಂದ ಏನು ತೊಂದರೆ?

ದೂರದರ್ಶಕದ ಕ್ಯಾಮೆರಾ ಮಂಕು ವಸ್ತುಗಳನ್ನು ಹಿಡಿಯಲು ನಿಮಿಷಗಟ್ಟಲೆ ತೆರೆದಿರುತ್ತದೆ. ಆಗ ಉಪಗ್ರಹವೊಂದು ಅಡ್ಡ ಹಾಯ್ದರೆ ಚಿತ್ರದ ಈ ಅಂಚಿನಿಂದ ಆ ಅಂಚಿಗೆ ಬಿಳಿ ಗೆರೆ ಬೀಳುತ್ತದೆ. ಹವ್ಯಾಸಿಗಳು ಅದನ್ನು ಹೇಗೋ ಸಂಭಾಳಿಸುತ್ತೇವೆ: ಮಹಾವ್ಯಾಧನ ನೀಹಾರಿಕೆಯ ಹತ್ತಾರು ಚಿತ್ರಗಳನ್ನು ತೆಗೆದು ಒಂದರ ಮೇಲೊಂದು ಜೋಡಿಸಿದರೆ, ಒಂದರಲ್ಲಿ ಮಾತ್ರ ಇರುವ ಗೆರೆಯನ್ನು ಸಾಫ್ಟ್‌ವೇರ್ ಅಳಿಸಿಬಿಡುತ್ತದೆ. ವಿಜ್ಞಾನಕ್ಕೆ ಈ ಉಪಾಯ ಸಾಲದು. ಗೆರೆಯ ಕೆಳಗಿದ್ದ ಮಾಹಿತಿ ಹೋದದ್ದು ಹೋಯಿತು. ಗೆರೆ ತೀರಾ ಹೊಳೆದರೆ ಸಂವೇದಕದಲ್ಲಿ ಅದರ ಪಡಿನೆರಳುಗಳೂ ಮೂಡುತ್ತವೆ.

ಚಿಲಿಯ ಸೆರೊ ಪಚೋನ್ ಬೆಟ್ಟದ ಮೇಲಿನ ವೆರಾ ರೂಬಿನ್ ವೀಕ್ಷಣಾಲಯ 2025ರ ಜೂನ್‌ನಲ್ಲಿ ಮೊದಲ ಚಿತ್ರಗಳನ್ನು ಕೊಟ್ಟಿತು. 8.4 ಮೀಟರ್ ಕನ್ನಡಿ, 3,200 ಮೆಗಾಪಿಕ್ಸೆಲ್ ಕ್ಯಾಮೆರಾ, ಕೆಲವೇ ರಾತ್ರಿಗಳಿಗೊಮ್ಮೆ ಇಡೀ ದಕ್ಷಿಣದ ಆಕಾಶ ಜಾಲಾಡುವ ಕೆಲಸ. ಒಂದೇ ಸಲಕ್ಕೆ ಅಷ್ಟು ಅಗಲ ನೋಡುವ ಕಣ್ಣಿಗೆ ಉಪಗ್ರಹಗಳೂ ಅಷ್ಟೇ ಹೆಚ್ಚು ಸಿಗುತ್ತವೆ. ಭೂಮಿಯ ಸುತ್ತ ಕಕ್ಷೆಯಲ್ಲೇ ಇರುವ ಹಬಲ್ ದೂರದರ್ಶಕಕ್ಕೂ ಬಿಡುಗಡೆಯಿಲ್ಲ: 2002ರಿಂದ 2021ರ ನಡುವಿನ ಅದರ ಚಿತ್ರಗಳಲ್ಲಿ ಶೇ 2.7ರಷ್ಟರಲ್ಲಿ ಉಪಗ್ರಹದ ಗೆರೆ ಸಿಕ್ಕಿತ್ತು.

ನನ್ನನ್ನು ಹೆಚ್ಚು ಕಾಡುವುದು ಬೇರೆ. ಸೂರ್ಯನ ದಿಕ್ಕಿನಿಂದ ಭೂಮಿಯತ್ತ ಬರುವ ಕ್ಷುದ್ರಗ್ರಹಗಳನ್ನು ಹುಡುಕಲು ಇರುವ ಹೊತ್ತು ಮುಸ್ಸಂಜೆ ಮತ್ತು ಬೆಳಗಿನ ಜಾವ ಮಾತ್ರ, ಅದೂ ದಿಗಂತದ ಹತ್ತಿರ. ಉಪಗ್ರಹಗಳು ಅತಿ ಹೆಚ್ಚು ಹೊಳೆಯುವುದು ಅದೇ ಹೊತ್ತು, ಅದೇ ಜಾಗದಲ್ಲಿ.

ಕರ್ನಾಟಕದ ಖಗೋಳ ಕೆಲಸಕ್ಕೂ ಇದಕ್ಕೂ ಸಂಬಂಧವಿದೆಯೇ?

ಇದೆ. ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆ ಲಡಾಖ್‌ನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ, ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕ ನಡೆಸುತ್ತದೆ. ಅದನ್ನು ತಿರುಗಿಸುವವರು ಕೂರುವುದು ನಮ್ಮ ಹೊಸಕೋಟೆಯಲ್ಲಿ. ಆಜ್ಞೆಗಳು ಹೋಗುವುದು ಉಪಗ್ರಹ ಸಂಪರ್ಕದ ಮೂಲಕ. ಹಾನ್ಲೆಯ ಸುತ್ತಲಿನ 1,073 ಚದರ ಕಿ.ಮೀ. ಪ್ರದೇಶವನ್ನು 2022ರ ಡಿಸೆಂಬರ್‌ನಲ್ಲಿ ಕತ್ತಲ ಆಕಾಶದ ಮೀಸಲು ತಾಣವೆಂದು ಘೋಷಿಸಿದರು. ಅಲ್ಲಿನ ಹಳ್ಳಿಯವರು ಮನೆ ದೀಪಕ್ಕೆ ಮರೆ ಕಟ್ಟಿ, ಕಿಟಕಿಗೆ ಪರದೆ ಹಾಕಿ ಆಕಾಶ ಕಾಯುತ್ತಿದ್ದಾರೆ. ನೆಲದ ದೀಪಕ್ಕೆ ಮರೆ ಕಟ್ಟಬಹುದು, ಮೇಲಿನಿಂದ ಹಾಯುವ ಬೆಳಕಿಗೆ ಯಾರ ಮನೆಯ ಪರದೆಯೂ ಸಾಲದು.

ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನ ರೇಡಿಯೋ ವೀಕ್ಷಣಾಲಯ 1970ರ ದಶಕದಿಂದ ಕಡಿಮೆ ಆವರ್ತನದ ರೇಡಿಯೋ ಅಲೆಗಳನ್ನು ಹಿಡಿಯುತ್ತಿದೆ. ಸೂರ್ಯನನ್ನು ನೋಡುವ ಅಲ್ಲಿನ ಉಪಕರಣ ಕೆಲಸ ಮಾಡುವುದು ಹೆಚ್ಚುಕಡಿಮೆ 40ರಿಂದ 120 ಮೆಗಾಹರ್ಟ್ಸ್ ಪಟ್ಟಿಯಲ್ಲಿ. ನೆದರ್ಲ್ಯಾಂಡ್ಸ್‌ನ ಲೋಫಾರ್ ರೇಡಿಯೋ ದೂರದರ್ಶಕ ಬಳಸಿದ ವಿಜ್ಞಾನಿಗಳು 2023 ಮತ್ತು 2024ರಲ್ಲಿ ಕಂಡುಕೊಂಡದ್ದೇನೆಂದರೆ, ಸ್ಟಾರ್‌ಲಿಂಕ್‌ನ ಎಲೆಕ್ಟ್ರಾನಿಕ್ ಭಾಗಗಳಿಂದ ಇಂಥ ಕಡಿಮೆ ಆವರ್ತನಗಳಲ್ಲಿ ಉದ್ದೇಶವಿಲ್ಲದ ರೇಡಿಯೋ ಸೋರಿಕೆ ಇದೆ. ಎರಡನೇ ತಲೆಮಾರಿನ ಉಪಗ್ರಹಗಳಲ್ಲಿ ಅದು ಮೊದಲಿನದಕ್ಕಿಂತ 32 ಪಟ್ಟಿನವರೆಗೂ ಹೆಚ್ಚು. ರೇಡಿಯೋ ಮೌನ ಹುಡುಕಿಕೊಂಡು ಊರಿಂದ ದೂರ ಹೋಗುವ ದಾರಿ ಇದರಿಂದ ಮುಚ್ಚುತ್ತದೆ, ಏಕೆಂದರೆ ಉಪಗ್ರಹ ಹಾಯದ ಊರಿಲ್ಲ.

ಉಪಗ್ರಹಗಳಿಗೆ ಕಪ್ಪು ಬಣ್ಣ ಬಳಿದರೆ ಆಗದೇ?

ಬಳಿದು ನೋಡಿದ್ದಾರೆ. 2020ರ ಜನವರಿಯಲ್ಲಿ ಹೋದ ಡಾರ್ಕ್‌ಸ್ಯಾಟ್ ಎಂಬ ಸ್ಟಾರ್‌ಲಿಂಕ್ ಉಪಗ್ರಹದ ಹೊಳಪು ಅರ್ಧದಷ್ಟು ಇಳಿಯಿತು, ಆದರೆ ಕಪ್ಪು ಮೈ ಬಿಸಿಲಿಗೆ ಕಾಯತೊಡಗಿತು. ಆಮೇಲೆ ಬಿಸಿಲಿಗೆ ಮರೆ ಕೊಡುವ ಫಲಕ ಕಟ್ಟಿದರು. ಉಪಗ್ರಹಗಳು ತಮ್ಮತಮ್ಮಲ್ಲಿ ಲೇಸರ್‌ನಿಂದ ಮಾತಾಡತೊಡಗಿದಾಗ ಆ ಫಲಕ ಅಡ್ಡಬಂತು, ತೆಗೆದುಬಿಟ್ಟರು. ಈಗ ಬೆಳಕನ್ನು ಭೂಮಿಯಿಂದ ಆಚೆಗೆ ತಿರುಗಿಸುವ ಕನ್ನಡಿಯಂಥ ಹಾಳೆ ಬಳಸುತ್ತಾರೆ. ಪ್ರಯತ್ನ ಪ್ರಾಮಾಣಿಕವಾದದ್ದು, ಒಪ್ಪುತ್ತೇನೆ. ಉಪಗ್ರಹಗಳ ಕಾಂತಿಮಾನ 7ಕ್ಕಿಂತ ಮಂಕಾಗಿರಲಿ, ಅಂದರೆ ಬರಿಗಣ್ಣಿಗೆ ಕಾಣದಿರಲಿ, ಎಂದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಕೇಳುತ್ತಿದೆ. ಅದು ಬರೀ ಸಲಹೆ, ಯಾರನ್ನೂ ಕಟ್ಟಿಹಾಕುವುದಿಲ್ಲ.

ಅತ್ತ ಇನ್ನೂ ದೊಡ್ಡವು ಹೋಗುತ್ತಿವೆ. ಮಾಮೂಲಿ ಮೊಬೈಲಿಗೆ ನೇರವಾಗಿ ಸಿಗ್ನಲ್ ಕೊಡುವ, ಅಮೆರಿಕದ ಎಎಸ್‌ಟಿ ಸ್ಪೇಸ್‌ಮೊಬೈಲ್ ಕಂಪನಿಯ ಬ್ಲೂವಾಕರ್-3, 64 ಚದರ ಮೀಟರ್ ಆಂಟೆನಾ ಬಿಚ್ಚಿದ ಮೇಲೆ ಆಕಾಶದ ಅತಿ ಪ್ರಕಾಶಮಾನ ನಕ್ಷತ್ರಗಳ ಸಾಲಿಗೆ ಬಂತು. ಅದೇ ಕಂಪನಿಯ ಬ್ಲೂಬರ್ಡ್ ಬ್ಲಾಕ್-2, ಆಂಟೆನಾ 223 ಚದರ ಮೀಟರ್, ಹೋದದ್ದು 2025ರ ಡಿಸೆಂಬರ್ 24ರಂದು ಶ್ರೀಹರಿಕೋಟಾದಿಂದ, ನಮ್ಮ ಎಲ್‌ವಿಎಂ3 ರಾಕೆಟ್ಟಿನಲ್ಲಿ. ಒನ್‌ವೆಬ್‌ನ 72 ಉಪಗ್ರಹಗಳನ್ನೂ 2022 ಮತ್ತು 2023ರಲ್ಲಿ ಹೊತ್ತೊಯ್ದದ್ದು ಅದೇ ರಾಕೆಟ್. ದಟ್ಟಣೆಯ ಮಾತಾಡುವಾಗ ಬೇರೆಯವರ ಕಡೆಗೇ ಬೊಟ್ಟು ಮಾಡಿ ನಾವು ಪಾರಾಗುವಂತಿಲ್ಲ.

ಹಳ್ಳಿಹಳ್ಳಿಗೆ ಇಂಟರ್ನೆಟ್ ಬರುತ್ತದೆ. ನೀವು ಯಾಕೆ ವಿರೋಧಿಸುತ್ತೀರಿ?

ವಿರೋಧಿಸುವುದಿಲ್ಲ. ಮಲೆನಾಡಿನಲ್ಲಿ ಮಳೆಗಾಲದಲ್ಲಿ ಕರೆಂಟು ಹೋಗಿ, ಟವರ್ ಕೈಕೊಟ್ಟು, ಫೋನ್ ಮಾಡಲು ಗುಡ್ಡ ಹತ್ತುವವರ ಕಷ್ಟ ಗೊತ್ತಿದ್ದವರು ಯಾರೂ ಹಾಗೆ ವಿರೋಧಿಸಲಾರರು. ಚಂಡಮಾರುತದ ಮುನ್ಸೂಚನೆ, ಬೆಳೆ ಸಮೀಕ್ಷೆ, ಮೀನುಗಾರರ ದಾರಿ, ಹೊಸಕೋಟೆಯಿಂದ ಹಾನ್ಲೆಗೆ ಹೋಗುವ ಆಜ್ಞೆ, ಎಲ್ಲಕ್ಕೂ ಉಪಗ್ರಹ ಬೇಕು. ಸ್ಟಾರ್‌ಲಿಂಕ್‌ಗೆ 2025ರಲ್ಲಿ ಭಾರತದ ಪರವಾನಗಿಯೂ ಸಿಕ್ಕಿತು.

ನನ್ನ ತಕರಾರು ಇಷ್ಟು. ಕಕ್ಷೆ ಎಂಬುದು ಊರ ಗೋಮಾಳದಂಥದ್ದು. ಎಲ್ಲರ ದನವೂ ಮೇಯಬೇಕಾದ ಜಾಗ. ಮೊದಲು ಬಂದವರು ಬೇಲಿ ಹಾಕಿಕೊಂಡರೆ ಕೇಳುವವರಿಲ್ಲ, ಆಮೇಲೆ ಬಂದವರಿಗೆ ಜಾಗವಿಲ್ಲ. ಒಂದೇ ಊರಿಗೆ ಸೇವೆ ಕೊಡಲು ಐದು ಕಂಪನಿಗಳು ಐದು ಬೇರೆ ಬೇರೆ ಜಾಲಗಳನ್ನು ನೇಯಬೇಕೇ? ಒಂದು ಕಂಪನಿಗೆ ಒಂದು ದೇಶದ ಕಚೇರಿ ಕೊಟ್ಟ ಅನುಮತಿ ಜಗತ್ತಿನ ಅಷ್ಟೂ ಜನರ ರಾತ್ರಿಯನ್ನು ಬದಲಿಸುವುದು ಸರಿಯೇ? ಇದನ್ನು ಕೇಳುವ ಹಕ್ಕು ಆಕಾಶದ ಕೆಳಗಿರುವ ಎಲ್ಲರಿಗೂ ಇದೆ.

ಕಾನೂನು ಇಲ್ಲವೇ?

ಇದೆ, ಆದರೆ ಹಳೆಯದು. 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಖಾಸಗಿ ಕಂಪನಿ ಹಾರಿಸಿದರೂ ಹೊಣೆ ಆ ದೇಶದ್ದು. 1972ರ ಹೊಣೆಗಾರಿಕೆ ಒಪ್ಪಂದ ಪರಿಹಾರದ ದಾರಿ ಹೇಳುತ್ತದೆ. 1978ರಲ್ಲಿ ಸೋವಿಯತ್‌ನ ಪರಮಾಣು ರಿಯಾಕ್ಟರ್ ಇದ್ದ ಕಾಸ್ಮೋಸ್-954 ಕೆನಡಾದ ಮೇಲೆ ಬಿದ್ದಾಗ ಕೆನಡಾ 60 ಲಕ್ಷ ಕೆನಡಿಯನ್ ಡಾಲರ್ ಕೇಳಿ, ಕೊನೆಗೆ 30 ಲಕ್ಷ ಪಡೆಯಿತು. ಕೆಲಸ ಮುಗಿದ ಉಪಗ್ರಹವನ್ನು 25 ವರ್ಷದೊಳಗೆ ಇಳಿಸಬೇಕೆಂಬ ಮಾರ್ಗಸೂಚಿಯನ್ನು ಅಮೆರಿಕ 2022ರಲ್ಲಿ ಐದು ವರ್ಷಕ್ಕೆ ಇಳಿಸಿತು. 2023ರಲ್ಲಿ ಹಳೆಯ ಉಪಗ್ರಹವನ್ನು ಸರಿಯಾಗಿ ಸರಿಸದ ಡಿಶ್ ಎಂಬ ಟಿವಿ ಕಂಪನಿಗೆ ಒಂದೂವರೆ ಲಕ್ಷ ಡಾಲರ್ ದಂಡ ಹಾಕಿತು. ಇಂಥ ದಂಡ ಅದೇ ಮೊದಲು. ರಾತ್ರಿ ಆಕಾಶದ ಕತ್ತಲೆಯನ್ನು ಕಾಯುವ ಅಂತರರಾಷ್ಟ್ರೀಯ ಕಾನೂನು ಒಂದೂ ಇಲ್ಲ.

ಇಸ್ರೋ ಏನು ಮಾಡುತ್ತಿದೆ?

ಕಹಿಯಿಂದಲೇ ಆರಂಭಿಸೋಣ. 2001ರ ಅಕ್ಟೋಬರ್‌ನಲ್ಲಿ ಹಾರಿದ ಪಿಎಸ್‌ಎಲ್‌ವಿ-ಸಿ3ಯ ಮೇಲ್ಹಂತ ಅದೇ ಡಿಸೆಂಬರ್‌ನಲ್ಲಿ ಕಕ್ಷೆಯಲ್ಲೇ ಸಿಡಿದು ಮುನ್ನೂರಕ್ಕೂ ಹೆಚ್ಚು ಚೂರಾಯಿತು. ಉಳಿದ ಇಂಧನವೇ ಇಂಥ ಸ್ಫೋಟಗಳಿಗೆ ಕಾರಣವಾಗುವುದರಿಂದ, ಆಮೇಲಿನ ರಾಕೆಟ್‌ಗಳಲ್ಲಿ ಕೆಲಸ ಮುಗಿದ ಮೇಲೆ ಅದನ್ನು ಹೊರಗೆ ಬಿಟ್ಟು ಟ್ಯಾಂಕು ಖಾಲಿ ಮಾಡುವ ಪದ್ಧತಿ ಬಂತು.

ಈಚಿನ ಕೆಲಸ ಹೆಮ್ಮೆಪಡುವಂಥದ್ದು. ಬಾಹ್ಯಾಕಾಶದ ಸುರಕ್ಷತೆಯನ್ನೇ ನೋಡಿಕೊಳ್ಳುವ ಇಸ್ರೋ ಕೇಂದ್ರ 2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ಉದ್ಘಾಟನೆಯಾಯಿತು. ಡಿಕ್ಕಿ ತಪ್ಪಿಸಲು 2023ರಲ್ಲಿ ಇಸ್ರೋ ತನ್ನ ಉಪಗ್ರಹಗಳನ್ನು 23 ಸಲ ಸರಿಸಿತು. ಚಂದ್ರಯಾನ-3ರ ಉಡಾವಣೆಯನ್ನೇ ಇದೇ ಕಾರಣಕ್ಕೆ ನಾಲ್ಕು ಸೆಕೆಂಡು ತಡ ಮಾಡಿದ್ದರು.

ಮೇಘಾ-ಟ್ರಾಪಿಕ್ಸ್-1ರ ಕಥೆ ನನಗೆ ಬಹಳ ಇಷ್ಟ. ಮಳೆಯನ್ನು ಅಭ್ಯಸಿಸಲು ಫ್ರಾನ್ಸ್ ಜೊತೆ ಸೇರಿ 2011ರಲ್ಲಿ ಹಾರಿಸಿದ ಸುಮಾರು ಒಂದು ಟನ್ನಿನ ಉಪಗ್ರಹ, 867 ಕಿ.ಮೀ. ಎತ್ತರ. ಬಿಟ್ಟರೆ ನೂರು ವರ್ಷಕ್ಕೂ ಹೆಚ್ಚು ಅಲ್ಲೇ ಇರುತ್ತಿತ್ತು. ಬೇಕಾದ ಜಾಗದಲ್ಲಿ ಬೀಳಿಸುವಂತೆ ಅದನ್ನು ಕಟ್ಟಿಯೇ ಇರಲಿಲ್ಲ. ಆದರೂ ಉಳಿದ ಇಂಧನ ಲೆಕ್ಕ ಹಾಕಿ ಹಂತಹಂತವಾಗಿ ಇಳಿಸಿ, 2023ರ ಮಾರ್ಚ್ 7ರಂದು ಪೆಸಿಫಿಕ್ ಸಾಗರದ ಮೇಲೆ ಉರಿಸಿದರು. 2007ರ ಕಾರ್ಟೋಸ್ಯಾಟ್-2 ಕೂಡ 2024ರ ಫೆಬ್ರವರಿಯಲ್ಲಿ ಹಿಂದೂ ಮಹಾಸಾಗರದ ಮೇಲೆ ಮುಗಿಯಿತು. ಸುಮ್ಮನೆ ಬಿಟ್ಟಿದ್ದರೆ ಮೂವತ್ತು ವರ್ಷ ಹಿಡಿಯುತ್ತಿತ್ತು. 2030ರೊಳಗೆ ಸರಕಾರಿಯಿರಲಿ ಖಾಸಗಿಯಿರಲಿ, ಭಾರತದ ಯಾವ ಯಾನವೂ ಕಸ ಉಳಿಸಬಾರದು ಎಂಬ ಗುರಿಯನ್ನು 2024ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲೇ ಘೋಷಿಸಿದರು. ಆ ಗುರಿ ಮುಟ್ಟುತ್ತೇವೋ ಇಲ್ಲವೋ ಎಂದು ನಾವು ನಾಗರಿಕರೂ ಕಣ್ಣಿಟ್ಟಿರಬೇಕು.

ಹೋಗಿ ಗುಡಿಸಿ ತರಲು ಆಗುವುದಿಲ್ಲವೇ?

ಚಿಕ್ಕ ಚೂರುಗಳನ್ನು ಸದ್ಯಕ್ಕೆ ಆಗದು. ದೊಡ್ಡವನ್ನು ಹಿಡಿದು ಇಳಿಸುವ ಪ್ರಯತ್ನ ಶುರುವಾಗಿದೆ. ಜಪಾನಿನ ಆಸ್ಟ್ರೋಸ್ಕೇಲ್ ಕಂಪನಿಯ ನೌಕೆ 2024ರಲ್ಲಿ ಒಂದು ಹಳೆಯ ರಾಕೆಟ್ ಹಂತಕ್ಕೆ 15 ಮೀಟರ್ ಹತ್ತಿರ ಹೋಗಿ, ಸುತ್ತ ತಿರುಗಿ ಚಿತ್ರ ತೆಗೆಯಿತು. ಯುರೋಪಿನ ಕ್ಲಿಯರ್‌ಸ್ಪೇಸ್-1 ಹಿಡಿದು ತರಲು ಆರಿಸಿಕೊಂಡಿರುವುದು ಪ್ರೋಬಾ-1 ಎಂಬ ಉಪಗ್ರಹವನ್ನು. ಅದು 2001ರಲ್ಲಿ ಹಾರಿದ್ದು ಶ್ರೀಹರಿಕೋಟಾದಿಂದ, ಮೇಲೆ ಹೇಳಿದ ಅದೇ ಪಿಎಸ್‌ಎಲ್‌ವಿ-ಸಿ3ಯಲ್ಲಿ.

ಖರ್ಚಿನ ಜೊತೆ ಇನ್ನೊಂದು ತೊಡಕು: ಕೆಟ್ಟು ನಿಂತರೂ ಉಪಗ್ರಹ ಹಾರಿಸಿದ ದೇಶದ್ದೇ. ರಷ್ಯಾದ ಒಪ್ಪಿಗೆ ಇಲ್ಲದೆ ರಷ್ಯಾದ ಕಸ ಮುಟ್ಟುವಂತಿಲ್ಲ. ಕಸ ಹಿಡಿಯಬಲ್ಲ ಕೈ ಇನ್ನೊಬ್ಬರ ಕೆಲಸದ ಉಪಗ್ರಹವನ್ನೂ ಹಿಡಿಯಬಲ್ಲದು ಎಂಬ ಅನುಮಾನ ಬೇರೆ.

ವಾತಾವರಣದಲ್ಲಿ ಸುಟ್ಟುಹೋದರೆ ಮುಗಿಯಿತಲ್ಲ?

ಲೋಹ ಎಲ್ಲಿಗೂ ಹೋಗುವುದಿಲ್ಲ, ಅತಿ ಸಣ್ಣ ಕಣಗಳಾಗಿ ಮೇಲೆಯೇ ಉಳಿಯುತ್ತದೆ. ವಾತಾವರಣದ ಸ್ಟ್ರಾಟೋಸ್ಫಿಯರ್ ಎಂಬ ಮೇಲಿನ ಪದರದಲ್ಲಿರುವ ಸಲ್ಫ್ಯೂರಿಕ್ ಆಮ್ಲದ ಕಣಗಳಲ್ಲಿ ಶೇ 10ರಷ್ಟರಲ್ಲಿ ಉಪಗ್ರಹ, ರಾಕೆಟ್‌ಗಳಿಂದ ಬಂದ ಅಲ್ಯೂಮಿನಿಯಂ ಮತ್ತಿತರ ಲೋಹಗಳಿವೆ ಎಂದು ವಿಮಾನದಿಂದ ಮಾದರಿ ಸಂಗ್ರಹಿಸಿದ ಸಂಶೋಧಕರು 2023ರಲ್ಲಿ ವರದಿ ಮಾಡಿದರು. ಓಝೋನ್ ಪದರ ಇರುವುದು ಅಲ್ಲೇ. ಈಗ ಸ್ಟಾರ್‌ಲಿಂಕ್‌ಗಳು ದಿನಕ್ಕೆ ಒಂದೆರಡರಂತೆ ಬೀಳುತ್ತಿವೆ. ಐದು ವರ್ಷಕ್ಕೊಮ್ಮೆ ಹಳೆಯದನ್ನು ಉರಿಸಿ ಹೊಸದನ್ನು ಹಾರಿಸುವ ವ್ಯವಹಾರ ಬೆಳೆದಷ್ಟೂ ಇದೂ ಬೆಳೆಯುತ್ತದೆ.

ನಮ್ಮ ತಲೆಯ ಮೇಲೆ ಬೀಳಬಹುದೇ?

ಒಬ್ಬ ವ್ಯಕ್ತಿಗೆ ತಾಗುವ ಸಂಭವ ತೀರಾ ತೀರಾ ಕಡಿಮೆ. ಭೂಮಿಯ ಬಹುಪಾಲು ಸಮುದ್ರ. ಆದರೂ ಬೀಳುವುದುಂಟು. 2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯಲ್ಲಿ ಆಕಾಶದಲ್ಲಿ ಬೆಂಕಿಯ ಸಾಲು ಕಂಡು, ಆಮೇಲೆ ಸುಮಾರು ಮೂರು ಮೀಟರ್ ಅಗಲದ ಲೋಹದ ಬಳೆ, ಗೋಳಗಳು ಹಳ್ಳಿಗಳಲ್ಲಿ ಸಿಕ್ಕವು. ಚೀನಾದ ರಾಕೆಟ್ಟಿನ ಭಾಗ ಎಂದು ತಜ್ಞರು ಅಂದಾಜಿಸಿದರು. 2023ರ ಜುಲೈನಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ದಡಕ್ಕೆ ತೇಲಿಬಂದ ದೊಡ್ಡ ಸಿಲಿಂಡರ್ ನಮ್ಮ ಪಿಎಸ್‌ಎಲ್‌ವಿಯದ್ದು. ಬಾಹ್ಯಾಕಾಶ ನಿಲ್ದಾಣದಿಂದ ಹಿಂದೆಯೇ ಎಸೆದಿದ್ದ ಬ್ಯಾಟರಿ ಹಲಗೆಯ ಒಂದು ತುಂಡು 2024ರ ಮಾರ್ಚ್‌ನಲ್ಲಿ ಫ್ಲಾರಿಡಾದ ಮನೆಯೊಂದರ ಮಾಡು ತೂರಿ ನೆಲ ಮುಟ್ಟಿತು.

ನಮ್ಮ ಹೊಲದಲ್ಲಿ ಇಂಥ ತುಂಡು ಸಿಕ್ಕರೆ ಏನು ಮಾಡಬೇಕು?

ಮುಟ್ಟಬೇಡಿ, ಮಕ್ಕಳನ್ನೂ ದನಗಳನ್ನೂ ದೂರವಿಡಿ. ಗೋಳ ಅಥವಾ ಟ್ಯಾಂಕಿನ ಆಕಾರವಿದ್ದರೆ ಒಳಗೆ ಒತ್ತಡದ ಅನಿಲವಿರಬಹುದು, ಹೈಡ್ರಜೀನ್ ಎಂಬ ವಿಷಕಾರಿ ಇಂಧನದ ಶೇಷವಿರಬಹುದು. ಸುಟ್ಟ ನಾರಿನಂಥ ಕಪ್ಪು ಎಳೆಗಳು ಕಂಡರೆ ಕೈಗೆ ಚುಚ್ಚಿಕೊಳ್ಳುತ್ತವೆ. ದೂರದಿಂದ ಫೋಟೋ ತೆಗೆದು, ಬಿದ್ದ ಸಮಯ ಗುರುತು ಹಾಕಿಕೊಂಡು 112ಕ್ಕೆ ಕರೆ ಮಾಡಿ, ತಹಶೀಲ್ದಾರರ ಕಚೇರಿಗೂ ತಿಳಿಸಿ. ಗುಜರಿಗೆ ಹಾಕಬೇಡಿ, 1968ರ ಒಪ್ಪಂದದ ಪ್ರಕಾರ ಆ ವಸ್ತು ಹಾರಿಸಿದ ದೇಶಕ್ಕೆ ಸೇರಿದ್ದು, ಕೇಳಿದರೆ ವಾಪಸು ಕೊಡಬೇಕು. ಬೆಳೆಗೋ ಮನೆಗೋ ಹಾನಿಯಾಗಿದ್ದರೆ ಪಂಚನಾಮೆ ಮಾಡಿಸಿಕೊಂಡು ಅದರ ಪ್ರತಿ ಇಟ್ಟುಕೊಳ್ಳಿ. ಪರಿಹಾರ ಕೇಳುವ ಹಕ್ಕು 1972ರ ಒಪ್ಪಂದದಲ್ಲಿದೆ; ನಿಮ್ಮ ಪರವಾಗಿ ಅದನ್ನು ಕೇಳಬೇಕಾದದ್ದು ಭಾರತ ಸರಕಾರ.